15 ದಾಟಿದ ಮಕ್ಕಳಿಗಾಗಿ ನಾವು ಕೆಲವು ವಿಶೇಷ ಶಿಕ್ಷಕರು ತಿಂಗಳಿಗೊಮ್ಮೆ ಸೇರೋಣ ಅಂತಿದ್ದೇವೆ. ಸೇರಿ ಮಾಡೋದೇನು?

ರಾಣೆಬೆನ್ನೂರು ಟೀಚರ್

ಎಲ್ಲರಿಗೂ ನಮಸ್ಕಾರ. ಹಾವೇರಿ ಜಿಲ್ಲೆಯ ಒಂದು ವಿಶೇಷ ಶಾಲೆಯಲ್ಲಿ ನಾನು ಟೀಚರ್. ಬೌದ್ಧಿಕ ಅಂಗವಿಕಲತೆ, ಆಟಿಸಂ, ಡೌನ್ ಸಿಂಡ್ರೋಮ್ ಇರುವ ಮಕ್ಕಳು ನಮ್ಮಲ್ಲಿದ್ದಾರೆ. ನನ್ನದು ಪ್ರಿವೊಕೇಶನಲ್ (ವೃತ್ತಿ ತರಬೇತಿಗೆ ಮುಂಚಿನ) ತರಗತಿ, 15ರಿಂದ 18 ವರ್ಷದವರು. ಮೀಸೆ ಬಂದ ಹುಡುಗರು, ಅಕ್ಕನ ಮದುವೆಗೆ ಸೀರೆ ಉಡಬೇಕು ಅಂತ ಹಟ ಹಿಡಿದ ಹುಡುಗಿಯರು.

ಇವರು 18 ತುಂಬಿದ ಮೇಲೆ ಎಲ್ಲಿಗೆ ಹೋಗುತ್ತಾರೆ ಅಂತ ಕೇಳಿದರೆ ನನ್ನ ಹತ್ತಿರ ಒಂದೇ ಉತ್ತರ: ಮನೆಗೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಿದೆ. ಕೌಶಲ ತರಬೇತಿ, ಉದ್ಯೋಗದ ಮಾತೂ ಅದರಲ್ಲೇ ಇದೆ. ಇದರಿಂದ ಅದಕ್ಕೆ ದಾಟಿಸುವ ಕೆಲಸ ಯಾರದ್ದು ಅಂತ ನೋಡಿದರೆ ತರಗತಿಯಲ್ಲಿ ನಾನೊಬ್ಬಳೇ ಕೂತಿರುತ್ತೇನೆ.

ನಮ್ಮ ವೊಕೇಶನಲ್ ಕೋಣೆಯಲ್ಲಿ ಪೇಪರ್ ಕವರ್, ದೀಪದ ಬತ್ತಿ, ಫಿನಾಯಿಲ್ ಮಾಡಿಸುತ್ತೇವೆ. ದೀಪಾವಳಿ ಬಂದರೆ ಹಣತೆಗೆ ಬಣ್ಣ. ಸ್ಟಾಲ್ ಹಾಕುತ್ತೇವೆ, ಪರಿಚಯದವರು ಬಂದು ಕೊಂಡುಕೊಳ್ಳುತ್ತಾರೆ, ಫೋಟೋ ಪೇಪರಿನಲ್ಲಿ ಬರುತ್ತದೆ. ಅಷ್ಟು ಅಚ್ಚುಕಟ್ಟಾಗಿ ಕವರ್ ಅಂಟಿಸುವ ಹುಡುಗನಿಗೆ "ಎದುರಿನ ಅಂಗಡಿಯಿಂದ ಅರ್ಧ ಲೀಟರ್ ಹಾಲು ತಗೊಂಡು ಬಾ" ಅಂದರೆ ಗೇಟಿನಲ್ಲೇ ನಿಂತಿರುತ್ತಾನೆ.

ಸುತ್ತಮುತ್ತಲ ಮೂರ್ನಾಲ್ಕು ಶಾಲೆಗಳ ಟೀಚರ್‌ಗಳದ್ದು ಒಂದು ವಾಟ್ಸಾಪ್ ಗ್ರೂಪ್ ಇದೆ. ಬೆಳಿಗ್ಗೆ ಹೂವಿನ ಚಿತ್ರದ ಶುಭೋದಯ, ಆಮೇಲೆ ಸುತ್ತೋಲೆ, ಆಮೇಲೆ ಸಿಆರ್‌ಇ (ಮುಂದುವರಿಕೆ ತರಬೇತಿಯ) ಪಾಯಿಂಟ್ ಸಿಗುವ ವೆಬಿನಾರ್ ಲಿಂಕ್. ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ನವೀಕರಣಕ್ಕೆ ಆ ಪಾಯಿಂಟ್ ಬೇಕೇ ಬೇಕು. ಹಾಗಾಗಿ ಎಲ್ಲರೂ ಸೇರುತ್ತಾರೆ: ಮೈಕ್ ಮ್ಯೂಟ್, ಕ್ಯಾಮೆರಾ ಆಫ್, ಒಲೆ ಮೇಲೆ ಸಾರು. ಮೊನ್ನೆ ಒಬ್ಬರು "ನನ್ನ ಹುಡುಗಿ ಕೆಲಸ ಅರ್ಧಕ್ಕೇ ಬಿಟ್ಟು ಎದ್ದು ಹೋಗ್ತಾಳೆ, ಏನ್ ಮಾಡ್ಲಿ?" ಅಂತ ಕೇಳಿದರು. ಕೈಮುಗಿದ ಇಮೋಜಿಗಳು ಬಂದವು. ಉತ್ತರ ಬರಲಿಲ್ಲ.

ಅದಕ್ಕೇ ಎದುರಾಬದುರು ಕೂರೋಣ ಅಂತ ಕೆಲವರು ಒಪ್ಪಿದ್ದಾರೆ. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಎರಡು ಗಂಟೆ ಸಿಗುತ್ತದೆ. ವಿಷಯ ಒಂದೇ, ಶಾಲೆ ಬಿಟ್ಟ ಮೇಲಿನ ಬದುಕಿಗೆ ಬೇಕಾದ ಕೌಶಲಗಳು. ಆದರೆ ಆ ಎರಡು ಗಂಟೆ ಏನು ಮಾಡಬೇಕು? ಇನ್ನೊಂದು ತರಬೇತಿ ಆಗಿಬಿಟ್ಟರೆ ಎರಡನೇ ತಿಂಗಳಿಗೆ ಯಾರೂ ಬರುವುದಿಲ್ಲ. ನಮ್ಮ ಹೆಡ್‌ ಟೀಚರ್ ಆಗಲೇ "ಸರ್ಟಿಫಿಕೇಟ್ ಕೊಡ್ತಾರಾ?" ಅಂತ ಕೇಳಿಯಾಗಿದೆ. ಇನ್ನೊಂದು ಮಾತು. ನಮ್ಮ ಕಡೆ ಕೆಲಸ ಅಂದರೆ ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸೋದು, ರಾಣೆಬೆನ್ನೂರಿನಲ್ಲಿ ಬೀಜದ ಕಂಪನಿಗಳು, ಮತ್ತೆ ಹೋಟೆಲ್ಲು. ಐಟಿ ಬಿಟಿ ಇಲ್ಲ. ಅದನ್ನೂ ತಲೆಯಲ್ಲಿಟ್ಟುಕೊಂಡು ಹೇಳಿ.

ಬೆಂಗಳೂರು ಸ್ಪೆಷಲ್ ಎಜುಕೇಟರ್

ಒಳ್ಳೆಯ ಯೋಚನೆ ಮೇಡಂ. ಪ್ರತಿ ತಿಂಗಳು ಒಬ್ಬ ಸಂಪನ್ಮೂಲ ವ್ಯಕ್ತಿಯನ್ನು ಕರೆಸಿ. ಒಂದು ತಿಂಗಳು ಆಕ್ಯುಪೇಶನಲ್ ಥೆರಪಿಸ್ಟ್, ಒಂದು ತಿಂಗಳು ಕಾನೂನು ಗೊತ್ತಿರುವವರು. ಬೆಂಗಳೂರಿನಲ್ಲಿ ಅಂಗವಿಕಲರಿಗಾಗಿ ಕೆಲಸ ಮಾಡುವ ಎಪಿಡಿ ಸಂಸ್ಥೆ 1959ರಿಂದ ಇದೆ. ಎನೇಬಲ್ ಇಂಡಿಯಾ 1999ರಿಂದ ಉದ್ಯೋಗದ ಮೇಲೇ ಕೆಲಸ ಮಾಡುತ್ತಿದೆ. ಇಂಥವರ ಅನುಭವ ಕೇಳಿಸಿಕೊಂಡರೆ ಟೀಚರ್‌ಗಳಿಗೆ ಒಂದು ದಿಕ್ಕು ಸಿಗುತ್ತದೆ. ಮೊದಲು ತಿಳಿವಳಿಕೆ ಬೇಕಲ್ವಾ?

ಕಡಲ ಬದಿ ಮೇಷ್ಟ್ರು

ಟೀಚರ್, ನಮ್ಮ ದಕ್ಷಿಣ ಕನ್ನಡದಲ್ಲಿ ನಾವು ಕೆಲವರು ಇಂಥದ್ದೊಂದು ಕೂಟ ನಡೆಸಿಕೊಂಡು ಬಂದಿದ್ದೇವೆ. ಹೆಸರಿಲ್ಲ, ಬ್ಯಾನರ್ ಇಲ್ಲ, ಅಧ್ಯಕ್ಷರಂತೂ ಇಲ್ಲವೇ ಇಲ್ಲ. ಅಧ್ಯಕ್ಷರು ಬಂದ ಕೂಡಲೇ ಸ್ವಾಗತ ಭಾಷಣ, ವಂದನಾರ್ಪಣೆ ಎಲ್ಲ ಹಿಂದೆಯೇ ಬರುತ್ತವೆ.

ಬೆಂಗಳೂರಿನವರ ಮಾತಿಗೆ ನನ್ನದೊಂದು ತಕರಾರು ಉಂಟು ಮಾರಾಯ್ರೆ. ಸಂಪನ್ಮೂಲ ವ್ಯಕ್ತಿ ಬರಲಿ, ವರ್ಷಕ್ಕೆ ಒಂದೋ ಎರಡೋ ಸಲ. ಆದರೆ ನಮಗೆ ತಿಳಿವಳಿಕೆ ಇಲ್ಲ ಅಂತ ಯಾಕೆ ಅಂದುಕೊಳ್ಳಬೇಕು? ಡಿಪ್ಲೊಮಾದಲ್ಲಿ ಟಾಸ್ಕ್ ಅನಾಲಿಸಿಸ್ (ಒಂದು ಕೆಲಸವನ್ನು ಸಣ್ಣ ಸಣ್ಣ ಹೆಜ್ಜೆಯಾಗಿ ಒಡೆಯುವುದು) ಬರೆದೇ ಪಾಸಾದವರು ನಾವು. ಮಗುವಿಗೆ ಏನೇನು ಬರುತ್ತದೆ ಅಂತ ಅಳೆಯುವ ಎಫ್‌ಎಸಿಪಿ ಚೆಕ್‌ಲಿಸ್ಟು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇವೆ. ಅಂಥದ್ದೇ ಇನ್ನೊಂದು, ಎಂಡಿಪಿಎಸ್‌ನ 18 ವಿಭಾಗ, 360 ಅಂಶ ತುಂಬಿ ತುಂಬಿ ಕೈ ಸವೆದಿದೆ. ನಮಗೆ ಸಿಗದೇ ಇರುವುದು ಬೇರೆ. ಕೆಲಸಕ್ಕೆ ಸೇರಿದಾಗಿನಿಂದ ನಾವು ಪಾಠ ಮಾಡುವುದನ್ನು ಇನ್ನೊಬ್ಬ ಟೀಚರ್ ಕೂತು ನೋಡಿಲ್ಲ. ಇನ್‌ಸ್ಪೆಕ್ಷನ್‌ಗೆ ಬಂದವರು ರಿಜಿಸ್ಟರ್ ನೋಡಿದ್ದಾರೆ, ಅಷ್ಟೇ.

ನಮ್ಮ ಕೂಟದಲ್ಲಿ ಒಂದು ದಿನಕ್ಕೆ ಒಬ್ಬ ಟೀಚರ್, ಒಂದು ಮಗು, ಒಂದು ಕೌಶಲ, ಒಂದು ವಿಡಿಯೋ. ವಿಡಿಯೋ ಎರಡು ನಿಮಿಷ ಮೀರುವ ಹಾಗಿಲ್ಲ. ಕೌಶಲ ಶಾಲೆಯ ಗೇಟಿನ ಹೊರಗೆ ಬೇಕಾಗುವಂಥದ್ದೇ ಆಗಿರಬೇಕು. ಮಣಿ ಪೋಣಿಸುವ ವಿಡಿಯೋ ತಂದರೆ ವಾಪಸ್ ಕಳಿಸುತ್ತೇವೆ.

ಟೀಚರ್ ಮೊದಲು ಮಗುವಿನ ಬಗ್ಗೆ ಐದು ನಿಮಿಷ ಹೇಳಬೇಕು. ಎಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ ಅಂತ ಒಂದು ಪ್ರಶ್ನೆ ಇಡಬೇಕು. ಆಮೇಲೆ ವಿಡಿಯೋ ಎರಡು ಸಲ. ಮೊದಲ ಸಲ ಯಾರೂ ಬಾಯಿ ಬಿಡುವ ಹಾಗಿಲ್ಲ. ಎರಡನೇ ಸಲ ಕಣ್ಣಿಗೆ ಕಂಡದ್ದು ಮಾತ್ರ ಹೇಳಬೇಕು. "ಅವಳಿಗೆ ಆತ್ಮವಿಶ್ವಾಸ ಕಡಿಮೆ" ಅಂದರೆ ಅಲ್ಲೇ ನಿಲ್ಲಿಸುತ್ತೇವೆ. ಆತ್ಮವಿಶ್ವಾಸ ವಿಡಿಯೋದಲ್ಲಿ ಕಾಣುವುದಿಲ್ಲ. "ನೋಟು ಕೊಡುವ ಮುಂಚೆ ಎಡಕ್ಕೆ ತಿರುಗಿದಳು" ಅನ್ನಬೇಕು. ಇದು ಸುಲಭ ಅನ್ನಿಸುತ್ತದೆ, ಆದರೆ ಟೀಚರ್‌ಗಳಿಗೆ ಇದಕ್ಕಿಂತ ಕಷ್ಟದ ನಿಯಮ ಇಲ್ಲ. ನಮಗೆಲ್ಲ ಉಪದೇಶ ಬೇಗ ಬರುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ಒಬ್ಬಳು 17 ವರ್ಷದ ಹುಡುಗಿ. ಮನೆಯಿಂದ ಶಾಲೆಗೆ ಒಬ್ಬಳೇ ಬಸ್ಸಿನಲ್ಲಿ ಬರಬೇಕು ಅನ್ನುವುದು ಗುರಿ. ನಮ್ಮ ಕಡೆ ಊರೂರಿಗೂ ಖಾಸಗಿ ಬಸ್ಸು. ಅವಳು ಬೋರ್ಡು ಓದುವುದಿಲ್ಲ. ಬಸ್ಸಿನ ಬಣ್ಣ, ಮುಂದಿನ ಗಾಜಿನ ಮೇಲಿನ ದೇವರ ಚಿತ್ರ ನೋಡಿ ಗುರುತು ಹಿಡಿಯುತ್ತಾಳೆ. ಕೈ ಅಡ್ಡ ಹಿಡಿಯೋದು, ಹತ್ತೋದು, ಊರ ಹೆಸರು ಹೇಳೋದು, ನೋಟು ಕೊಡೋದು, ಚಿಲ್ಲರೆ ಮತ್ತು ಟಿಕೆಟ್ ತಗೊಳ್ಳೋದು, ಇಳಿಯೋದು. ಅವಳ ಟೀಚರ್ ತಂದ ಶೀಟಿನಲ್ಲಿ ಹೆಚ್ಚುಕಡಿಮೆ ಎಲ್ಲ ಹೆಜ್ಜೆಗೂ "ಸ್ವತಂತ್ರ" ಅಂತ ಟಿಕ್ ಇತ್ತು. ಆದರೂ ಟೀಚರ್ ಜೊತೆಗಿಲ್ಲದ ದಿನ ಹುಡುಗಿ ಸ್ಟಾಪಿನಲ್ಲೇ ನಿಂತುಬಿಡುತ್ತಾಳೆ. ಯಾಕೆ?

ವಿಡಿಯೋದಲ್ಲಿ ಸಿಕ್ಕಿತು. ಬೇರೆ ಶಾಲೆಯ ಒಬ್ಬ ಟೀಚರ್ ಕಂಡುಹಿಡಿದರು. ಹುಡುಗಿ ಪ್ರತಿ ಹೆಜ್ಜೆಗೆ ಮುಂಚೆ ಟೀಚರ್ ಮುಖ ನೋಡುತ್ತಾಳೆ. ಟೀಚರ್ ಒಂದು ಮಾತೂ ಆಡುತ್ತಿಲ್ಲ, ಕೈ ಸನ್ನೆಯೂ ಇಲ್ಲ. ಆದರೆ ಸಣ್ಣಕ್ಕೆ ತಲೆ ಆಡಿಸುತ್ತಾರೆ. ಅವರಿಗೇ ಗೊತ್ತಿಲ್ಲದ ಹಾಗೆ! ಚೆಕ್‌ಲಿಸ್ಟಿನಲ್ಲಿ ಮಾತಿನ ಸುಳಿವಿಗೆ ವಿಪಿ ಅಂತ ಬರೆಯುತ್ತೇವೆ, ಕೈ ಹಿಡಿದು ಮಾಡಿಸಿದರೆ ಪಿಪಿ. ತಲೆ ಆಡಿಸಿದ್ದು ಯಾವ ಕಾಲಮ್ಮಿಗೂ ಬಂದಿರಲಿಲ್ಲ.

ಪರಿಹಾರ ಆಮೇಲೆ ಕಷ್ಟ ಆಗಲಿಲ್ಲ. ಟೀಚರ್ ಅವಳ ಎದುರು ನಿಲ್ಲುವುದು ಬಿಟ್ಟು ಬೆನ್ನ ಹಿಂದೆ ನಿಂತರು. ಆಮೇಲೆ ಅವಳು ಮುಂದಿನ ಬಾಗಿಲು, ಟೀಚರ್ ಹಿಂದಿನ ಬಾಗಿಲು. ಆಮೇಲೆ ಟೀಚರ್ ಇಳಿಯುವ ಸ್ಟಾಪಿನಲ್ಲಿ ಕಾಯುವುದು. ಒಂದೊಂದು ಬದಲಾವಣೆಗೂ ಒಂದು ಶೀಟು, ಮುಂದಿನ ತಿಂಗಳು ಕೂಟದಲ್ಲಿ ತೋರಿಸುವುದು.

ಅಷ್ಟರಲ್ಲಿ ಹೊಸ ತಕರಾರು. ಕಂಡಕ್ಟರ್ ಒಳ್ಳೆಯವರು. "ಬಾ ಮಗಾ" ಅಂತ ಹತ್ತಿಸಿಕೊಂಡು, ಸ್ಟಾಪ್ ಬಂದಾಗ ಅವರೇ ಕರೆದು ಇಳಿಸುತ್ತಿದ್ದರು. ಅವರು ರಜೆ ಹಾಕಿದ ದಿನ ಹುಡುಗಿ ಮುಂದಿನ ಸ್ಟಾಪಿಗೆ ಹೋಗಿಬಿಟ್ಟಳು. ಇದರ ಮೇಲೆ ನಮ್ಮಲ್ಲಿ ದೊಡ್ಡ ಚರ್ಚೆ ಆಯಿತು. ಕಂಡಕ್ಟರಿಗೆ "ಸಹಾಯ ಮಾಡಬೇಡಿ" ಅನ್ನಬೇಕು ಅಂತ ಕೆಲವರು. ನನಗೆ ಅದು ಸರಿ ಕಾಣಲಿಲ್ಲ. ನಾವೂ ಗೊತ್ತಿಲ್ಲದ ಊರಿನಲ್ಲಿ "ಸ್ಟಾಪ್ ಬಂದ್ರೆ ಹೇಳಿ ಅಣ್ಣ" ಅನ್ನುವುದಿಲ್ವಾ? ಕೊನೆಗೆ ಅವಳಿಗೆ ಕಲಿಸಿದ್ದು ಅದನ್ನೇ. ಯಾವ ಕಂಡಕ್ಟರ್ ಇದ್ದರೂ ಟಿಕೆಟ್ ತಗೊಳ್ಳುವಾಗ ಸ್ಟಾಪಿನ ಹೆಸರು ಬರೆದ ಕಾರ್ಡ್ ತೋರಿಸಿ "ಹೇಳಿ" ಅನ್ನುವುದು. ಕಾರ್ಡಿನ ಹಿಂದೆ ಅಪ್ಪನ ಫೋನ್ ನಂಬರು. ಅಂದರೆ ಸಹಾಯ ತೆಗೆದುಹಾಕಲಿಲ್ಲ. ಸಹಾಯ ಕೇಳುವ ಕೆಲಸವನ್ನು ಅವಳ ಕೈಗೆ ಕೊಟ್ಟೆವು.

ಈ ಥರದ ಮಾತು ವೆಬಿನಾರ್‌ನಲ್ಲಿ ಹುಟ್ಟುವುದಿಲ್ಲ ಟೀಚರ್. ಒಂದೇ ಹುಡುಗಿಯನ್ನು ನಾಲ್ಕೈದು ಜನ ತಿಂಗಳುಗಟ್ಟಲೆ ನೋಡಿದರೆ ಮಾತ್ರ ಹುಟ್ಟುತ್ತದೆ.

ಗೌರವಧನ ಬಂತಾ ಇಲ್ವಾ ಅನ್ನುವ ವಿಷಯ ಬಂದೇ ಬರುತ್ತದೆ. ಅದನ್ನು ತಡೆಯಬೇಡಿ. ಚಹಾಕ್ಕೆ ಅಂತ ಒಂದಿಷ್ಟು ಹೊತ್ತು ಇಟ್ಟು ಅಲ್ಲೇ ಮುಗಿಸಿ. ಇಲ್ಲದಿದ್ದರೆ ಎರಡು ಗಂಟೆಯೂ ಅದೇ ಆಗುತ್ತದೆ. ಮತ್ತೆ ಅದು ನ್ಯಾಯವಾದ ಮಾತೇ, ಸುಮ್ನೆ ಗೊಣಗಾಟ ಅಲ್ಲ.

ಗದಗ ಕಡೆ ಬಿಐಇಆರ್‌ಟಿ

ನಮಸ್ಕಾರ್ರೀ ಮೇಡಂ. ನಾನು ಬಿಐಇಆರ್‌ಟಿ, ಅಂದರೆ ಸಾಮಾನ್ಯ ಶಾಲೆಗಳಲ್ಲಿ ಓದುವ ವಿಶೇಷ ಅಗತ್ಯದ ಮಕ್ಕಳನ್ನು ನೋಡಿಕೊಳ್ಳುವವ. ಇಡೀ ತಾಲ್ಲೂಕು ತಿರುಗುತ್ತೇನೆ. ಮೇಷ್ಟ್ರು ಹೇಳಿದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ. ನಮ್ಮ ಕ್ಲಸ್ಟರ್ ಸಮಾಲೋಚನಾ ಸಭೆಗಳು ಹೇಗೆ ನಡೆಯುತ್ತವೆ ಅಂತ ನಿಮಗೂ ಗೊತ್ತು. ಸುತ್ತೋಲೆ ಓದು, ಅಂಕಿಅಂಶ ಕೊಡು, ಸಹಿ ಹಾಕು. ಅದಕ್ಕೊಂದು ತಮ್ಮ ಹುಟ್ಟುವುದು ಬೇಡ.

ಜಾಗದ ಬಗ್ಗೆ: ಬಿಆರ್‌ಸಿಯಲ್ಲಿ (ಬ್ಲಾಕ್ ಸಂಪನ್ಮೂಲ ಕೇಂದ್ರ) ಶನಿವಾರ ಮಧ್ಯಾಹ್ನ ಕೋಣೆ ಖಾಲಿ ಇರುತ್ತದೆ, ಕೇಳಿದರೆ ಕೊಡುತ್ತಾರೆ. ಸರ್ಕಾರಿ ಕಡೆಯವರನ್ನು ಸೇರಿಸಿಕೊಂಡರೆ ಬಿಇಒ ಕಿವಿಗೆ ಒಂದು ಮಾತು ಹಾಕಿಡಿ. ಓಓಡಿ (ಕರ್ತವ್ಯದ ಮೇಲೆ ಹೊರಗೆ ಹೋಗುವ ಅನುಮತಿ) ಸಿಕ್ಕರೆ ಬರುವವರಿಗೆ ಅನುಕೂಲ.

ಇನ್ನು ಯಾರಿರಬೇಕು ಅನ್ನುವುದು. ಟೀಚರ್‌ಗಳು ಸರಿ. ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಒಬ್ಬರನ್ನು ಕರೆಯಿರಿ, ತಾಲ್ಲೂಕು ಪಂಚಾಯಿತಿಯ ಎಂಆರ್‌ಡಬ್ಲ್ಯೂ (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು) ಬಂದರೆ ಇನ್ನೂ ಚಲೋ. ನಾವು ಮಗುವನ್ನು ಶಾಲೆಯ ವಯಸ್ಸಿನವರೆಗೆ ನೋಡುತ್ತೇವೆ. ಪಿಂಚಣಿ, ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡು, ಬಸ್ ಪಾಸು ಅಂತ ಆಮೇಲೂ ಆ ಮನೆಗೆ ಹೋಗುವವರು ಅವರು. ಊರಿನಲ್ಲಿ ಯಾರ ಹಿಟ್ಟಿನ ಗಿರಣಿಗೆ ಆಳು ಬೇಕು, ಯಾವ ಹೋಟೆಲ್ ಮಾಲೀಕರ ಮನಸ್ಸು ದೊಡ್ಡದು, ಅವರಿಗೆ ಗೊತ್ತಿರುತ್ತದೆ.

ಇನ್ನು ನಿಮ್ಮ ಮೆಣಸಿನಕಾಯಿ. ಒಂದು ಸಭೆಯನ್ನು ಕೋಣೆಯಲ್ಲಿ ಇಡದೆ ಬ್ಯಾಡಗಿಯಲ್ಲೇ, ತೊಟ್ಟು ಬಿಡಿಸುವ ಜಾಗದಲ್ಲೇ ಇಡಿ. ಸೀಸನ್ ಇದ್ದಾಗ ಹೋಗಿ. ಮಕ್ಕಳನ್ನು ಕರೆದುಕೊಂಡು ಹೋಗಬೇಡಿ ಮೊದಲ ಸಲ. ಟೀಚರ್‌ಗಳೇ ಕೂತು ಬಿಡಿಸಿ ನೋಡಿ. ಘಾಟು ಎಷ್ಟಿದೆ? ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಎಷ್ಟು ಹೊತ್ತು ಕೂರಬಹುದು? ಕೈ ಕಣ್ಣಿಗೆ ತಾಗಿಸಬಾರದು ಅನ್ನುವುದನ್ನು ನಿಮ್ಮ ಮಗು ಕಲಿಯುತ್ತದಾ? ಹೃದಯದ, ಉಸಿರಾಟದ ತೊಂದರೆ ಇರುವ ಡೌನ್ ಸಿಂಡ್ರೋಮ್ ಮಕ್ಕಳಿದ್ದರೆ ಡಾಕ್ಟರನ್ನು ಕೇಳದೆ ಆ ಮಾತೇ ಎತ್ತಬೇಡಿ. ಕೂಲಿ ತೂಕದ ಮೇಲಾ ದಿನದ ಮೇಲಾ ಕೇಳಿ. ತೂಕದ ಮೇಲಾದರೆ ನಿಧಾನ ಮಾಡುವ ಮಗುವಿಗೆ ಸಂಜೆಗೆ ಎಷ್ಟು ಬರುತ್ತದೆ ಅಂತ ಲೆಕ್ಕ ಹಾಕಿ, ಅದನ್ನು ತಂದೆತಾಯಿಗೆ ಮೊದಲೇ ಹೇಳಿ. ಮತ್ತೆ ಶೌಚಾಲಯ ಎಲ್ಲಿದೆ ನೋಡಿ. ಹೆಣ್ಣುಮಕ್ಕಳ ಕೆಲಸ ನಿಂತುಹೋಗುವುದು ಬಹಳ ಸಲ ಅಲ್ಲೇ, ಕೌಶಲದ ಕೊರತೆಯಿಂದ ಅಲ್ಲ.

ನನಗೆ ಬೀಜದ ಕೆಲಸ ಹೆಚ್ಚು ಹೊಂದುತ್ತದೆ ಅನ್ನಿಸುತ್ತದೆ. ಒಡೆದ ಬೀಜ, ಸುಕ್ಕಾದ ಬೀಜ ಆರಿಸಿ ತೆಗೆಯೋದು, ಪಾಕೀಟು ಜೋಡಿಸೋದು. ಒಂದೇ ಥರದ್ದನ್ನು ಬೇರ್ಪಡಿಸುವುದರಲ್ಲಿ ಆಟಿಸಂ ಇರುವ ಕೆಲವು ಮಕ್ಕಳು ನಮ್ಮನ್ನೂ ಮೀರಿಸುತ್ತಾರೆ. ಆದರೆ ಇದೂ ಹೋಗಿ ನೋಡಿದ ಮೇಲಿನ ಮಾತು.

ಬಸ್ಸಿನ ಬಗ್ಗೆ ಒಂದು ಸೇರಿಸುತ್ತೇನೆ. ನಮ್ಮ ಕಡೆ ಸರ್ಕಾರಿ ಬಸ್ಸೇ ಜಾಸ್ತಿ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳ ಟಾಸ್ಕ್ ಅನಾಲಿಸಿಸ್ ಬದಲಾಗಿದೆ. ದುಡ್ಡು ಕೊಡೋದು, ಚಿಲ್ಲರೆ ತಗೊಳ್ಳೋದು ಹೋಯಿತು. ಆಧಾರ್ ತೋರಿಸೋದು, ಶೂನ್ಯ ಟಿಕೆಟ್ ಇಸ್ಕೊಳ್ಳೋದು, ಆಧಾರ್ ಮತ್ತೆ ಅದೇ ಜೇಬಿಗೆ ಇಡೋದು ಬಂತು. ಕೊನೆಯ ಹೆಜ್ಜೆಯೇ ಕಷ್ಟ. ಹಳೆಯ ಶೀಟನ್ನೇ ಜೆರಾಕ್ಸ್ ಮಾಡಿ ತುಂಬುತ್ತಿರುವವರು ಒಮ್ಮೆ ನೋಡಿಕೊಳ್ಳಿ.

ಮೈಸೂರಿನ ಅಮ್ಮ

ನಾನು ಟೀಚರ್ ಅಲ್ಲ. ಮಗನಿಗೆ ಆಟಿಸಂ, ಈಗ ಶಾಲೆ ಮುಗಿದು ಮನೆಯಲ್ಲಿದ್ದಾನೆ. ನೀವೆಲ್ಲ ಇಷ್ಟು ಯೋಚನೆ ಮಾಡುವುದನ್ನು ಓದಿ ಖುಷಿ ಆಯಿತು, ಸ್ವಲ್ಪ ಹೊಟ್ಟೆಯೂ ಉರಿಯಿತು. ನಮ್ಮ ಕಾಲಕ್ಕೆ ಇದು ಇದ್ದಿದ್ದರೆ ಅಂತ.

ನಿಮ್ಮ ಸಭೆಗೆ ವರ್ಷಕ್ಕೆ ಒಂದೆರಡು ಸಲವಾದರೂ ತಾಯಂದಿರನ್ನು ಕರೆಯಿರಿ. ಶಾಲೆ ಬಿಟ್ಟವರ ತಾಯಂದಿರನ್ನು. ಈಗ ಓದುತ್ತಿರುವವರ ಅಮ್ಮಂದಿರು ನಿಮ್ಮ ಮುಂದೆ ಮನಸ್ಸು ಬಿಚ್ಚಿ ಮಾತಾಡುವುದಿಲ್ಲ. "ಎಲ್ಲ ಚೆನ್ನಾಗಿದೆ ಮಿಸ್" ಅನ್ನುತ್ತಾರೆ. ನಾವಾದರೆ ಹೇಳುತ್ತೇವೆ.

ನನ್ನ ಮಗ ಶಾಲೆಯಲ್ಲಿ ರಟ್ಟಿನ ನಾಣ್ಯ ಎಣಿಸಿ ವರ್ಷಗಳು ಕಳೆದ. ನಮ್ಮ ಬೀದಿಯ ಅಂಗಡಿಗಳಲ್ಲಿ ಈಗ ನಾಣ್ಯ ಕೊಟ್ಟರೆ "ಫೋನ್‌ಪೇ ಇಲ್ವಾ?" ಅನ್ನುತ್ತಾರೆ. ಕೊನೆಗೆ ನಾನೇ ಕಲಿಸಿದೆ. ಅವನ ಫೋನಿನ ಖಾತೆಯಲ್ಲಿ ಸ್ವಲ್ಪವೇ ದುಡ್ಡು ಇಡುತ್ತೇನೆ. ಸ್ಕ್ಯಾನ್ ಮಾಡುತ್ತಾನೆ, ಅಂಗಡಿಯವರು ಹೇಳಿದ್ದನ್ನು ಒತ್ತುತ್ತಾನೆ. ಅಂಗಡಿಯ ಸ್ಪೀಕರ್ ಇಷ್ಟು ರೂಪಾಯಿ ಬಂತು ಅಂತ ಕೂಗುತ್ತದಲ್ಲ, ಅದನ್ನು ಕೇಳಿ, ಅದೇ ದನಿಯಲ್ಲಿ ತಾನೂ ಒಂದು ಸಲ ಹೇಳಿ, ಆಮೇಲೇ ಸಾಮಾನು ಎತ್ತಿಕೊಂಡು ಹೊರಡುತ್ತಾನೆ. ಸ್ಪೀಕರ್ ಕೆಟ್ಟಿದ್ದ ದಿನ ಅಲ್ಲೇ ನಿಂತಿದ್ದ. ಈಗ ಪರದೆ ಮೇಲಿನ ಹಸಿರು ಟಿಕ್ ನೋಡೋದು ಹೇಳಿಕೊಡುತ್ತಿದ್ದೇನೆ. ಇಂಥದ್ದನ್ನು ಒಬ್ಬ ಅಮ್ಮ ಒಬ್ಬಳೇ ಕಂಡುಕೊಳ್ಳಬೇಕಾ? ಪಿನ್ ಗುಟ್ಟಾಗಿಡುವುದನ್ನು ಇವನಿಗೆ ಕಲಿಸುವುದು ಹೇಗೆ ಅಂತ ನನಗೆ ಇನ್ನೂ ಹೊಳೆದಿಲ್ಲ. ಯಾರು ಕೇಳಿದರೂ ಹೇಳಿಬಿಡುತ್ತಾನೆ.

ಮನೆಯಲ್ಲಿ ಬೇಕಾದದ್ದು ಬೇರೆಯೇ. ಬಾಗಿಲಿಗೆ ಚಿಲಕ ಹಾಕೋದು. ಕಾಲಿಂಗ್ ಬೆಲ್ ಆದರೆ ಕಿಟಕಿಯಲ್ಲಿ ನೋಡಿ ಆಮೇಲೆ ತೆಗೆಯೋದು. ಗಡ್ಡ ಬೋಳಿಸೋದು. ಗಡ್ಡದ ವಿಷಯ ಐಇಪಿಯಲ್ಲಿ (ಆ ಮಗುವಿಗೆ ಅಂತಲೇ ಮಾಡುವ ಕಲಿಕೆಯ ಯೋಜನೆ) ಬರೆದಿದ್ದರು, ಆದರೆ ಶಾಲೆಯಲ್ಲಿ ಎಲ್ಲರೂ ಲೇಡಿ ಟೀಚರ್. ಯಾರು ಕಲಿಸಬೇಕು? ನಿಮ್ಮ ಕೂಟದಲ್ಲಿ ನಾಲ್ಕು ಶಾಲೆ ಸೇರಿದರೆ ಒಬ್ಬ ಮೇಷ್ಟ್ರಾದರೂ ಇರುತ್ತಾರಲ್ವಾ? ತಿಂಗಳಿಗೊಂದು ದಿನ ಅವರು ಬಂದು ಹೋಗಲಿ.

ಇನ್ನೊಂದು. 18 ಆದ ಮೇಲೆ ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ "ಇವರ ಸಹಿ ಬೇಕು, ನೀವು ಯಾರು?" ಅಂತ ಕೇಳುತ್ತಾರೆ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಇದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವಿಕಲತೆ, ಬಹುವಿಧ ಅಂಗವಿಕಲತೆ ಇರುವವರಿಗೆ ಕಾನೂನು ಪ್ರಕಾರ ಪೋಷಕರನ್ನು (ಗಾರ್ಡಿಯನ್) ನೇಮಿಸಲು ಜಿಲ್ಲೆಯಲ್ಲಿ ಒಂದು ಸ್ಥಳೀಯ ಮಟ್ಟದ ಸಮಿತಿ ಇರುತ್ತದೆ, ಡಿಸಿ ಅದರ ಮುಖ್ಯಸ್ಥರು. ಅದೇ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ 1 ಲಕ್ಷ ರೂಪಾಯಿವರೆಗೆ ಇದೆ. ಎಲ್ಲ ಮಕ್ಕಳಿಗೂ ಪೋಷಕರನ್ನು ನೇಮಿಸಲೇಬೇಕು ಅಂತ ನಾನು ಹೇಳುವುದಿಲ್ಲ. ಬುದ್ಧಿ ಇರುವ ಮಗುವಿನ ಸಹಿ ಕಿತ್ತುಕೊಂಡ ಹಾಗೂ ಆಗಬಾರದು. ಆದರೆ ಹೀಗೊಂದು ಇದೆ ಅಂತ 16ರಲ್ಲೇ ಯಾರಾದರೂ ಹೇಳಬೇಕಿತ್ತು.

ನ್ಯೂಜೆರ್ಸಿಯಿಂದ ಧಾರವಾಡದಾಕಿ

ಇಲ್ಲಿನ ಒಂದು ಪಬ್ಲಿಕ್ ಶಾಲೆಯಲ್ಲಿ ಸ್ಪೆಷಲ್ ಎಜುಕೇಶನ್ ತರಗತಿಗೆ ಸಹಾಯಕಿ ನಾನು. ಅಮೆರಿಕದ ವಿಶೇಷ ಶಿಕ್ಷಣದ ಐಡಿಇಎ ಕಾಯ್ದೆ ಪ್ರಕಾರ ಮಗುವಿಗೆ 16 ಆಗುವ ಹೊತ್ತಿಗೆ ಐಇಪಿಯಲ್ಲಿ ಟ್ರಾನ್ಸಿಶನ್ ಯೋಜನೆ ಇರಲೇಬೇಕು. ನಮ್ಮ ರಾಜ್ಯದಲ್ಲಿ 14ಕ್ಕೇ ಶುರು. ಮುಂದೆ ಓದು ಏನು, ಕೆಲಸ ಏನು, ಬೇಕಾದಲ್ಲಿ ಸ್ವಂತವಾಗಿ ಬದುಕುವುದು ಹೇಗೆ ಅಂತ ಗುರಿ ಬರೆಯಬೇಕು. ಆ ಸಭೆಗೆ ಮಗುವನ್ನೂ ಕರೆಯಬೇಕು, ಇದು ಕಾನೂನಿನಲ್ಲೇ ಇದೆ.

ಟೀಚರ್‌ಗಳು ಸೇರಿ ಚರ್ಚಿಸುವುದಕ್ಕೆ ನಮ್ಮಲ್ಲಿ ಟೈಮ್‌ಟೇಬಲ್‌ನಲ್ಲೇ ಹೊತ್ತು ಇಟ್ಟಿದ್ದಾರೆ. ಅದು ನಿಮಗೆ ಸಿಗುವುದಿಲ್ಲ, ಗೊತ್ತು. ಇಲ್ಲೂ ಆ ಹೊತ್ತು ಎಷ್ಟೋ ಸಲ ಫಾರ್ಮ್ ತುಂಬುವುದರಲ್ಲೇ ಹೋಗುತ್ತದೆ ಬಿಡ್ರಿ. ಆದರೆ ಮಗುವನ್ನೇ ಕೇಳುವುದಕ್ಕೆ ದುಡ್ಡು ಬೇಕಿಲ್ಲ. ನಮ್ಮ ಒಬ್ಬ ಹುಡುಗನಿಗೆ ದೊಡ್ಡವರೆಲ್ಲ ಸೇರಿ ಲೈಬ್ರರಿ ಕೆಲಸ ಅಂತ ತೀರ್ಮಾನ ಮಾಡಿದ್ದರು. ಫೋಟೋಗಳನ್ನು ಮುಂದಿಟ್ಟು ಆರಿಸು ಅಂದರೆ ಅವನು ಕಾರು ತೊಳೆಯುವ ಫೋಟೋ ತೆಗೆದ. ನೀರು ಅಂದರೆ ಅವನಿಗೆ ಪ್ರಾಣ! ನಿಮ್ಮ ಕೂಟಕ್ಕೆ ತರುವ ಪ್ರತಿ ಕೇಸಿನ ಮೊದಲ ಸಾಲು "ಇವಳಿಗೆ ಏನು ಇಷ್ಟ" ಅಂತ ಇರಲಿ.

ರಾಣೆಬೆನ್ನೂರು ಟೀಚರ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇದನ್ನೆಲ್ಲ ನಮ್ಮ ಟೀಚರ್‌ಗಳಿಗೆ ಓದಿ ಹೇಳಿದೆ. ತಲೆ ಆಡಿಸುವ ಕಥೆ ಕೇಳಿ ಒಬ್ಬರು "ಅಯ್ಯೋ, ನನ್ನ ವಿಡಿಯೋ ಮಾತ್ರ ಮಾಡಬೇಡಿ" ಅಂದರು. ಹಾಗಾಗಿ ಮೊದಲ ವಿಡಿಯೋ ನನ್ನದೇ, ಹಾಲಿನ ಅಂಗಡಿಯ ಹುಡುಗನದ್ದು. ವಿಆರ್‌ಡಬ್ಲ್ಯೂ ಒಬ್ಬರು ಬರುತ್ತೇನೆ ಅಂದಿದ್ದಾರೆ. ಬ್ಯಾಡಗಿ ಭೇಟಿ ಸೀಸನ್ ಬಂದಾಗ. ಮೈಸೂರಿನ ಅಮ್ಮ, ಹಳೆಯ ವಿದ್ಯಾರ್ಥಿಗಳ ಇಬ್ಬರು ತಾಯಂದಿರಿಗೆ ಫೋನ್ ಮಾಡಿದೆ. ಒಬ್ಬರು ಒಂದು ಗಂಟೆ ಬೈದರು. ಬರುತ್ತೇನೆ ಅಂತಲೂ ಹೇಳಿದರು.

ಬೆಂಗಳೂರಿನವರ ಸಲಹೆಯನ್ನು ಪೂರ್ತಿ ಬಿಡುವುದಿಲ್ಲ. ನ್ಯಾಷನಲ್ ಟ್ರಸ್ಟ್ ವಿಷಯಕ್ಕೆ ಗೊತ್ತಿರುವವರನ್ನು ಕರೆಸುತ್ತೇವೆ, ಆ ದಿನ ತಂದೆತಾಯಿಗಳೂ ಇರುತ್ತಾರೆ.

ಮೇಷ್ಟ್ರೇ, ಎರಡು ಪ್ರಶ್ನೆ ಉಳಿಯಿತು. ವಿಡಿಯೋ ಮಾಡಿದರೆ ಮನೆಯವರು ಏನಾದರೂ ಅಂದರೆ? ಮತ್ತೆ ನಮ್ಮ ಹೆಡ್‌ಗೆ ಏನು ತೋರಿಸಲಿ? ನಿಮ್ಮ ಶೀಟು ಹೇಗಿರುತ್ತದೆ ಅಂತ ಹಾಲಿನ ಅಂಗಡಿಗೇ ಬರೆದು ತೋರಿಸುತ್ತೀರಾ?

ಕಡಲ ಬದಿ ಮೇಷ್ಟ್ರು

ವಿಡಿಯೋಗೆ ಮನೆಯವರ ಒಪ್ಪಿಗೆ ಬರಹದಲ್ಲಿ ತಗೊಳ್ಳಿ, ಕನ್ನಡದಲ್ಲಿ, ಯಾಕೆ ಯಾರು ನೋಡುತ್ತಾರೆ ಅಂತ ಬರೆದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯಲ್ಲಿ ಮಕ್ಕಳ ಮಾಹಿತಿಗೆ ತಂದೆತಾಯಿಯ ಒಪ್ಪಿಗೆಯ ಮಾತು ಇದೆ. ಕಾಯ್ದೆ ಇಲ್ಲದಿದ್ದರೂ ಕೇಳುವುದು ಮರ್ಯಾದೆ. ಹುಡುಗನನ್ನೂ ಕೇಳಿ. ಫೋನ್ ಕಂಡರೆ ಮುಖ ಮುಚ್ಚಿಕೊಂಡರೆ ಅದೇ ಉತ್ತರ. ವಿಡಿಯೋ ವಾಟ್ಸಾಪಿಗೆ ಹಾಕಬೇಡಿ. ಟೀಚರ್ ಫೋನಿನಲ್ಲೇ ನೋಡಿ, ಕೌಶಲ ಬಂದ ಮೇಲೆ ಅಳಿಸಿ. ಸ್ನಾನ, ಬಟ್ಟೆ, ಶೌಚ ಇವುಗಳ ವಿಡಿಯೋ ಯಾವತ್ತೂ ಬೇಡ. ಬಾಯಿಮಾತಲ್ಲಿ ಹೇಳಿದರೆ ಸಾಕು.

ಹೆಡ್‌ಗೆ ಸರ್ಟಿಫಿಕೇಟ್ ಕೊಡಲಿಕ್ಕೆ ಆಗದು. ಪ್ರತಿ ಮಗುವಿನ ಐಇಪಿ ಫೈಲಿಗೆ ಶೀಟು ಸೇರಿಸಿ, ಆರು ತಿಂಗಳ ಹಿಂದಿನದ್ದು ಮತ್ತು ಇವತ್ತಿನದ್ದು ಪಕ್ಕಪಕ್ಕ ಇಡಿ. ಇನ್‌ಸ್ಪೆಕ್ಷನ್ ದಿನ ಅವರೇ ಮುಂದೆ ತಳ್ಳುತ್ತಾರೆ ನೋಡಿ.

ಹಾಲಿನ ಅಂಗಡಿಯ ಶೀಟು ಹೀಗೆ ಇರಲಿ. ಎಡಗಡೆ ಹೆಜ್ಜೆಗಳು: ಚೀಲ ತಗೊಳ್ಳುವುದು, ಗೇಟು ದಾಟುವುದು, ರಸ್ತೆಯ ಎರಡೂ ಬದಿ ನೋಡುವುದು, ದಾಟುವುದು, ಅಂಗಡಿಯ ಮುಂದೆ ತನ್ನ ಸರದಿಗೆ ನಿಲ್ಲುವುದು, "ಅರ್ಧ ಲೀಟರ್ ಹಾಲು" ಅನ್ನುವುದು ಅಥವಾ ಖಾಲಿ ನೀಲಿ ಪ್ಯಾಕೆಟ್ ತೋರಿಸುವುದು, ದುಡ್ಡು ಕೊಡುವುದು, ಚಿಲ್ಲರೆಗೆ ಕಾಯುವುದು, ವಾಪಸ್ ಬರುವುದು. ಬಲಗಡೆ ದಿನಕ್ಕೊಂದು ಕಾಲಮ್. ಟಿಕ್ ಬೇಡ. ತಾನೇ ಮಾಡಿದನಾ, ಮಾತು ಬೇಕಾಯಿತಾ, ಸನ್ನೆ ಬೇಕಾಯಿತಾ, ಕೈ ಹಿಡಿಯಬೇಕಾಯಿತಾ, ಅದರ ಮೊದಲ ಅಕ್ಷರ ಬರೆಯಿರಿ. ಕೆಳಗೆ ಇನ್ನೊಂದು ಸಾಲು: ಟೀಚರ್ ಎಲ್ಲಿ ನಿಂತಿದ್ದರು. ಇದು ನಮ್ಮ ಕೂಟ ಸೇರಿಸಿದ್ದು, ಯಾವ ಅಚ್ಚಾದ ಚೆಕ್‌ಲಿಸ್ಟಿನಲ್ಲೂ ನಾನು ನೋಡಿಲ್ಲ.

ನಿಮ್ಮ ಹುಡುಗ ಗೇಟಿನಲ್ಲೇ ನಿಲ್ಲುತ್ತಾನೆ ಅಂದಿರಿ. ಹಾಗಾದರೆ ಮೊದಲ ವಾರ ಹಾಲಿನ ಮಾತು ಬಿಟ್ಟುಬಿಡಿ. ಶಾಲೆಯಲ್ಲಿ ಇಷ್ಟು ವರ್ಷ "ಗೇಟು ದಾಟಬೇಡ" ಅಂತ ಹೇಳಿಸಿಕೊಂಡವನು ಅವನು. ಗೇಟಿನ ಆಚೆ ನೀವು ನಿಂತು ಕರೆಯಿರಿ, ಅವನಿಗೆ ಇಷ್ಟವಾದದ್ದು ಆಚೆ ಇರಲಿ. ವಾಚ್‌ಮನ್‌ಗೂ ಹೇಳಿಡಿ, ಇಲ್ಲದಿದ್ದರೆ ಅವರು ಓಡಿ ಬಂದು ಒಳಗೆ ಎಳೆದುಕೊಳ್ಳುತ್ತಾರೆ. ಅಂಗಡಿಯವರಿಗೂ ಮೊದಲೇ ತಿಳಿಸಿ, ಆದರೆ ಒಂದೇ ಅಂಗಡಿಗೆ ಒಗ್ಗಿಸಬೇಡಿ. ಅಲ್ಲಿ ಕೌಶಲ ಬಂದ ಮೇಲೆ ಏನೂ ಹೇಳದೆ ಎರಡನೇ ಅಂಗಡಿಗೆ ಕಳಿಸಿ ನೋಡಿ, ಆ ವಿಡಿಯೋವನ್ನೇ ಕೂಟಕ್ಕೆ ತನ್ನಿ.